ಏರದ ಗಾಜು, ತೆರೆಯದ ಸನ್‌ರೂಫ್: ಹಳೆಯ ಕಾರಿನಲ್ಲಿ ಓಮ್‌ನ ನಿಯಮ

ಕಲಬುರಗಿಯ ನೆಹರು ಗಂಜ್ ತೊಗರಿಯ ಪೇಟೆ. ಸುಗ್ಗಿಯ ದಿನಗಳಲ್ಲಿ ಅಲ್ಲಿ ಕಾಳಿನ ಚೀಲಗಳು ಬಂದಿಳಿಯುತ್ತವೆ, ದಾಲ್ ಮಿಲ್‌ಗಳು ತಿರುಗುತ್ತವೆ, ಹೊಟ್ಟಿನ ನುಣುಪಾದ ಪುಡಿ ಗಾಳಿಯಲ್ಲಿ ತೇಲುತ್ತಿರುತ್ತದೆ. ಅದರೊಂದಿಗೆ ಸುತ್ತಲಿನ ಎರೆಮಣ್ಣಿನ ಧೂಳು ಸೇರುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲು ಬೇರೆ. ಇಂತಹ ಊರಿನಲ್ಲಿ ಹತ್ತು ವರ್ಷ ದಾಟಿದ ಕಾರಿಗೆ ಬರುವ ದೂರುಗಳಲ್ಲಿ ಒಂದು ಬಹಳ ಸಾಮಾನ್ಯ. ಗುಂಡಿ ಒತ್ತಿದರೆ ಕಿಟಕಿಯ ಗಾಜು ಏರುವುದಿಲ್ಲ, ಏರಿದರೂ ತೆವಳುತ್ತ ಏರಿ ತುದಿಯ ಹತ್ತಿರ ನಿಂತುಬಿಡುತ್ತದೆ.

ಗ್ಯಾರೇಜಿಗೆ ಒಯ್ದರೆ "ಮೋಟರ್ ಹೋಗ್ಯಾದ್ರಿ ಸರ, ಹೊಸಾದು ಹಾಕಬೇಕ್ರಿ" ಎಂಬ ಮಾತು ಬರುವುದುಂಟು. ಆ ಮಾತು ಕೆಲವೊಮ್ಮೆ ನಿಜ. ಆದರೆ ಎಷ್ಟೋ ಸಲ ಮೋಟಾರು ಸರಿಯಾಗಿಯೇ ಇರುತ್ತದೆ. ಅದಕ್ಕೆ ತಲುಪಬೇಕಾದ ವಿದ್ಯುತ್ತು ದಾರಿಯಲ್ಲಿ ಸೋರಿಹೋಗಿರುತ್ತದೆ, ಇಲ್ಲವೇ ಗಾಜನ್ನು ರಬ್ಬರು ಬಿಗಿಯಾಗಿ ಹಿಡಿದಿರುತ್ತದೆ. ಹಣ ಕೊಟ್ಟು ಮೋಟಾರು ಬದಲಿಸುವ ಮೊದಲು ಈ ಮೂರರಲ್ಲಿ ದೋಷ ಯಾವುದೆಂದು ತಿಳಿಯಲು ಸಾಧ್ಯವೇ? ಸಾಧ್ಯ. ಅದಕ್ಕೆ ಪಿಯುಸಿ ಭೌತಶಾಸ್ತ್ರ ಮತ್ತು ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಹೇಗೆಂದು ನೋಡೋಣ.

ಬಾಗಿಲಿನ ಒಳಗೆ ಏನಿದೆ?

ಅಂಬಾಸಿಡರ್ ಕಾರಿನಲ್ಲಿ ಪ್ರಯಾಣಿಸಿದವರಿಗೆ ಗಾಜು ಇಳಿಸಲು ತಿರುಗಿಸುತ್ತಿದ್ದ ಹಿಡಿಕೆ ನೆನಪಿರಬಹುದು. ಆ ಹಿಡಿಕೆಯ ಕೆಲಸವನ್ನು ಈಗ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ನೇರವಿದ್ಯುತ್ ಮೋಟಾರು ಮಾಡುತ್ತದೆ. ಅದರೊಳಗೆ ಫೆರೈಟ್ ಕಾಯಂ ಕಾಂತಗಳು, ನಡುವೆ ತಾಮ್ರದ ಸುರುಳಿ ಸುತ್ತಿದ ಆರ್ಮೇಚರ್ ಇವೆ. ಮೋಟಾರಿನ ದಂಡಕ್ಕೆ ಸುರುಳಿಹಲ್ಲಿನ ವರ್ಮ್ ಗೇರ್ ಜೋಡಿಸಿರುತ್ತಾರೆ. ಅದು ಒಂದು ಹಲ್ಲಿನ ಚಕ್ರವನ್ನು ನಿಧಾನವಾಗಿ, ಆದರೆ ಹೆಚ್ಚಿನ ತಿರುಗುಬಲದಿಂದ ತಿರುಗಿಸುತ್ತದೆ. ಆ ಚಕ್ರವು ಉಕ್ಕಿನ ಕೇಬಲ್ಲನ್ನೋ ಕತ್ತರಿಯಾಕಾರದ ತೋಳುಗಳನ್ನೋ ಎಳೆದು ಗಾಜನ್ನು ಏರಿಸುತ್ತದೆ. ಈ ಏರ್ಪಾಡಿಗೆ ಗ್ಯಾರೇಜಿನವರು ರೆಗ್ಯುಲೇಟರ್ ಎನ್ನುತ್ತಾರೆ.

ವರ್ಮ್ ಗೇರಿನಲ್ಲಿ ಒಂದು ವಿಶೇಷವಿದೆ. ಮೋಟಾರು ಚಕ್ರವನ್ನು ತಿರುಗಿಸಬಲ್ಲದು, ಆದರೆ ಚಕ್ರವು ಮೋಟಾರನ್ನು ತಿರುಗಿಸಲಾರದು. ಆದ್ದರಿಂದಲೇ ವಿದ್ಯುತ್ತು ನಿಂತ ಮೇಲೂ ಗಾಜು ತನ್ನ ಭಾರಕ್ಕೆ ಕೆಳಗೆ ಜಾರುವುದಿಲ್ಲ, ಕಳ್ಳನು ಅದನ್ನು ಕೈಯಿಂದ ಒತ್ತಿ ಇಳಿಸಲಾರ. ಈ ಅನುಕೂಲಕ್ಕೆ ಬೆಲೆಯೂ ಇದೆ. ಹೀಗೆ ತನ್ನನ್ನು ತಾನೇ ಬೀಗ ಹಾಕಿಕೊಳ್ಳುವ ಗೇರಿನ ದಕ್ಷತೆ ಸುಮಾರು ಶೇಕಡ 50ಕ್ಕಿಂತ ಕಡಿಮೆಯೇ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಶಕ್ತಿ ಅಲ್ಲಿಯೇ ಶಾಖವಾಗಿ ಹೋಗುತ್ತದೆ.

ಮೋಟಾರಿನ ದಿಕ್ಕು ಬದಲಿಸಲು ಅದರ ಎರಡು ತಂತಿಗಳ ಧ್ರುವಗಳನ್ನು ಅದಲುಬದಲು ಮಾಡಿದರೆ ಸಾಕು. ಬಾಗಿಲಿನ ಸ್ವಿಚ್ ಮಾಡುವುದು ಇದನ್ನೇ. ಚಾಲಕನ ಬಳಿ ಎಲ್ಲ ಕಿಟಕಿಗಳ ಮುಖ್ಯ ಸ್ವಿಚ್ ಇರುತ್ತದೆ. ಬಹಳಷ್ಟು ಹಳೆಯ ಕಾರುಗಳಲ್ಲಿ ಉಳಿದ ಬಾಗಿಲುಗಳ ಮೋಟಾರಿನ ವಿದ್ಯುತ್ತೂ ಈ ಮುಖ್ಯ ಸ್ವಿಚ್ಚನ್ನು ಹಾದೇ ಬ್ಯಾಟರಿಗೆ ಮರಳುತ್ತದೆ. ಹಿಂದಿನ ಬಾಗಿಲು ಕೆಲಸ ಮಾಡದಿದ್ದಾಗ ದೋಷವು ಮುಂದಿನ ಬಾಗಿಲಿನಲ್ಲಿ ಇರಬಹುದಾದದ್ದು ಈ ಕಾರಣದಿಂದ.

ಶಕ್ತಿ ಎಲ್ಲಿಗೆ ಹೋಗುತ್ತದೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಗಾಜಿನ ರಾಶಿ 4 ಕಿಲೊಗ್ರಾಂ, ಅದು ಏರಬೇಕಾದ ಎತ್ತರ 45 ಸೆಂಟಿಮೀಟರ್, ಹಿಡಿಯುವ ಕಾಲ 4 ಸೆಕೆಂಡು ಇರಲಿ. ಗುರುತ್ವಕ್ಕೆ ಎದುರಾಗಿ ಮಾಡಬೇಕಾದ ಕೆಲಸ ಸುಮಾರು 17.6 ಜೂಲ್. ಎಂದರೆ ಬೇಕಾದ ಸಾಮರ್ಥ್ಯ ಕೇವಲ 4.4 ವ್ಯಾಟ್. ಆದರೆ ಮೋಟಾರು 12 ವೋಲ್ಟ್‌ನಲ್ಲಿ 6 ಆಂಪಿಯರ್, ಅಂದರೆ 72 ವ್ಯಾಟ್ ಸೆಳೆಯುತ್ತದೆ ಎಂದುಕೊಳ್ಳಿ. ಉಳಿದದ್ದು ಎಲ್ಲಿ ಹೋಯಿತು?

ಆರ್ಮೇಚರಿನ ರೋಧ 0.5 ಓಮ್ ಇದ್ದರೆ ಅದರಲ್ಲಿ 18 ವ್ಯಾಟ್ ಶಾಖವಾಗುತ್ತದೆ. ಉಳಿದ 54 ವ್ಯಾಟ್ ಯಾಂತ್ರಿಕ ಸಾಮರ್ಥ್ಯ. ಗೇರ್, ರಾಟೆ, ಕೇಬಲ್ಲುಗಳ ಒಟ್ಟು ದಕ್ಷತೆ ಶೇಕಡ 25 ಎಂದರೆ ಗಾಜಿಗೆ ತಲುಪುವುದು 13.5 ವ್ಯಾಟ್. ಅದರಲ್ಲಿ 4.4 ವ್ಯಾಟ್ ಭಾರ ಎತ್ತಲು ಹೋಯಿತು. ಮಿಕ್ಕ 9.1 ವ್ಯಾಟ್ ಗಾಜಿನ ಅಂಚನ್ನು ಹಿಡಿದಿರುವ ರಬ್ಬರ್ ಪಟ್ಟಿಗಳ ಘರ್ಷಣೆಯ ಪಾಲಾಯಿತು. ಗಾಜಿನ ವೇಗದಿಂದ ಭಾಗಿಸಿದರೆ ಈ ಘರ್ಷಣಬಲ ಸುಮಾರು 80 ನ್ಯೂಟನ್. ಗಾಜಿನ ತೂಕವೋ 39 ನ್ಯೂಟನ್ ಮಾತ್ರ. ಕಾರು ಹೊಸದಿರುವಾಗಲೇ ಮೋಟಾರು ಎಳೆಯುತ್ತಿರುವುದು ಗಾಜಿನ ಭಾರವನ್ನಲ್ಲ, ಹೆಚ್ಚಾಗಿ ರಬ್ಬರಿನ ಹಿಡಿತವನ್ನು. ಆ ರಬ್ಬರಿನ ತೋಡಿನಲ್ಲಿ ಹತ್ತು ವರ್ಷದ ಹೊಟ್ಟು, ಧೂಳು ಗಟ್ಟಿಯಾಗಿ ಕೂತರೆ ಏನಾಗಬಹುದೆಂದು ನೀವೇ ಊಹಿಸಬಹುದು.

ಅರ್ಧ ಓಮಿನ ಆಟ

ತಿರುಗುವ ಮೋಟಾರು ಒಂದು ಡೈನಮೋ ಕೂಡ ಹೌದು. ಅದು ತಿರುಗಿದಂತೆ ತನ್ನಲ್ಲಿಯೇ ಹಿಮ್ಮುಖ ವಿಭವವನ್ನು ಉಂಟುಮಾಡುತ್ತದೆ. ಈ ಹಿಮ್ಮುಖ ವಿಭವ ವೇಗಕ್ಕೆ ಅನುಪಾತದಲ್ಲಿರುತ್ತದೆ. ತಿರುಗುಬಲವಾದರೋ ವಿದ್ಯುತ್ ಪ್ರವಾಹಕ್ಕೆ ಅನುಪಾತದಲ್ಲಿರುತ್ತದೆ. ಮೋಟಾರಿಗೆ ಕೊಟ್ಟ ವೋಲ್ಟೇಜು ಹಿಮ್ಮುಖ ವಿಭವ ಮತ್ತು ಆರ್ಮೇಚರಿನಲ್ಲಿ ಕಳೆದುಹೋಗುವ ವಿಭವ ಇವೆರಡರ ಮೊತ್ತಕ್ಕೆ ಸಮ.

ನಮ್ಮ ಉದಾಹರಣೆಯಲ್ಲಿ 6 ಆಂಪಿಯರ್ ಹರಿದಾಗ ಆರ್ಮೇಚರಿನಲ್ಲಿ 3 ವೋಲ್ಟ್ ಕಳೆಯುತ್ತದೆ. ಹಿಮ್ಮುಖ ವಿಭವ 9 ವೋಲ್ಟ್. ಈಗ ಸ್ವಿಚ್ಚಿನ ಸಂಪರ್ಕ ಬಿಂದು ಮಸಿಗಟ್ಟಿ ಅಲ್ಲಿ 0.5 ಓಮ್ ಹೆಚ್ಚುವರಿ ರೋಧ ಹುಟ್ಟಿತೆನ್ನಿ. ಪ್ರವಾಹ ಕಡಿಮೆಯಾಗುತ್ತದೆ ಎಂದು ವಿದ್ಯಾರ್ಥಿಗಳು ಥಟ್ಟನೆ ಉತ್ತರಿಸುವುದುಂಟು. ಯೋಚಿಸಿ ನೋಡಿ. ಗಾಜಿನ ಭಾರವೂ ಘರ್ಷಣೆಯೂ ಬದಲಾಗಿಲ್ಲ. ಆದ್ದರಿಂದ ಬೇಕಾದ ತಿರುಗುಬಲ ಅಷ್ಟೇ, ಪ್ರವಾಹವೂ ಅದೇ 6 ಆಂಪಿಯರ್. ಬದಲಾಗುವುದು ವೇಗ. ಸ್ವಿಚ್ಚಿನಲ್ಲಿ 3 ವೋಲ್ಟ್ ಹೋಯಿತು, ಆರ್ಮೇಚರಿನಲ್ಲಿ 3 ವೋಲ್ಟ್ ಹೋಯಿತು, ಹಿಮ್ಮುಖ ವಿಭವಕ್ಕೆ ಉಳಿದದ್ದು 6 ವೋಲ್ಟ್. ವೇಗ ಮೂರರಲ್ಲಿ ಎರಡು ಪಾಲಿಗೆ ಇಳಿಯಿತು. 4 ಸೆಕೆಂಡಿನ ಕೆಲಸಕ್ಕೆ 6 ಸೆಕೆಂಡು ಬೇಕಾಯಿತು.

ಹೆಚ್ಚುವರಿ ರೋಧ 1 ಓಮ್ ಆದರೆ? ಹಿಮ್ಮುಖ ವಿಭವ 3 ವೋಲ್ಟ್, ಕಾಲ 12 ಸೆಕೆಂಡು. ಅಷ್ಟೇ ಅಲ್ಲ. ಮೋಟಾರು ಪೂರ್ತಿ ತಡೆದು ನಿಂತಾಗ ಸೆಳೆಯಬಲ್ಲ ಗರಿಷ್ಠ ಪ್ರವಾಹ ಮೊದಲು 24 ಆಂಪಿಯರ್ ಇದ್ದದ್ದು ಈಗ ಕೇವಲ 8 ಆಂಪಿಯರ್. ಗಾಜಿನ ತುದಿ ಮೇಲಿನ ರಬ್ಬರಿನೊಳಗೆ ನುಗ್ಗುವಾಗ 10 ಆಂಪಿಯರಿನಷ್ಟು ತಿರುಗುಬಲ ಬೇಕಿದ್ದರೆ ಗಾಜು ಅಲ್ಲಿಯೇ ನಿಲ್ಲುತ್ತದೆ. "ಎಲ್ಲಾ ಏರುತ್ತದೆ, ಕೊನೆಯ ಎರಡು ಬೆರಳಷ್ಟು ಮಾತ್ರ ಏರುವುದಿಲ್ಲ" ಎಂಬ ದೂರಿನ ಹಿಂದಿನ ಗಣಿತ ಇದು.

ಆ ಅರ್ಧ ಓಮಿನಲ್ಲಿ ಕಳೆದುಹೋಗುವ ಸಾಮರ್ಥ್ಯವನ್ನೂ ಗಮನಿಸಿ. 6 ಆಂಪಿಯರಿಗೆ ಅದು 18 ವ್ಯಾಟ್. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟ್‌ನದು. ಸಾಸಿವೆಯಷ್ಟು ಸಂಪರ್ಕ ಬಿಂದುವಿನಲ್ಲಿ ಇಷ್ಟು ಶಾಖ ಹುಟ್ಟಿದರೆ ಸ್ವಿಚ್ಚಿನ ಪ್ಲಾಸ್ಟಿಕ್ ಕರಗುವುದರಲ್ಲಿ ಆಶ್ಚರ್ಯವಿಲ್ಲ. ಸ್ವಿಚ್ ಮುಟ್ಟಿದರೆ ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ, ಬಳಕೆ ನಿಲ್ಲಿಸಿ.

ಮೇ ತಿಂಗಳ ಮಧ್ಯಾಹ್ನ

ರಾತ್ರಿ ಏರುವ ಗಾಜು ಮಧ್ಯಾಹ್ನ ಏರುವುದಿಲ್ಲ ಎಂಬುದು ನಮ್ಮ ಭಾಗದ ಇನ್ನೊಂದು ದೂರು. ಬಿಸಿಲಿನಲ್ಲಿ ನಿಂತ ಕಾರಿನ ಬಾಗಿಲೊಳಗಿನ ಉಷ್ಣತೆ 25ರಿಂದ 60 ಡಿಗ್ರಿಗೆ ಏರಿತೆನ್ನಿ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇಕಡ 0.39ರಂತೆ ಹೆಚ್ಚುತ್ತದೆ. 35 ಡಿಗ್ರಿಗೆ ಶೇಕಡ 14 ಆಯಿತು. ಫೆರೈಟ್ ಕಾಂತದ ಬಲ ಪ್ರತಿ ಡಿಗ್ರಿಗೆ ಸುಮಾರು ಶೇಕಡ 0.2ರಂತೆ ಕುಗ್ಗುತ್ತದೆ. ಅದು ಶೇಕಡ 7. ಎರಡೂ ಸೇರಿ ಮೋಟಾರಿನ ಗರಿಷ್ಠ ತಿರುಗುಬಲ ಸುಮಾರು ಶೇಕಡ 18ರಷ್ಟು ಇಳಿಯುತ್ತದೆ. ಬಿಸಿಗೆ ಹಳೆಯ ರಬ್ಬರೂ ಅಂಟಂಟಾಗುತ್ತದೆ. ಆರೋಗ್ಯವಂತ ಮೋಟಾರಿಗೆ ಇದು ಲೆಕ್ಕಕ್ಕಿಲ್ಲ. ಮೊದಲೇ ಅಂಚಿನಲ್ಲಿರುವ ಮೋಟಾರು ಸೋಲುತ್ತದೆ.

ಮತ್ತೆ ಮತ್ತೆ ಗುಂಡಿ ಒತ್ತಿದರೆ ಮೋಟಾರು ಪೂರ್ತಿ ಸ್ತಬ್ಧವಾಗಬಹುದು. ಹಲವು ಮೋಟಾರುಗಳೊಳಗೆ ಬಿಸಿಯಾದಾಗ ವಿದ್ಯುತ್ತನ್ನು ಕಡಿಯುವ ರಕ್ಷಕ ಇರುತ್ತದೆ. ಕೆಲವು ನಿಮಿಷ ತಣಿಯಲು ಬಿಟ್ಟರೆ ಮತ್ತೆ ಓಡುತ್ತದೆ. ಇದನ್ನು ಮೋಟಾರು ಸುಟ್ಟಿತೆಂದು ಭಾವಿಸಬಾರದು.

ದೋಷ ಹುಡುಕುವ ಕ್ರಮ

ಮೊದಲನೆಯದು, ಯಾವುದು ಸಮಾನ ಎಂದು ಕೇಳಿಕೊಳ್ಳಿ. ಎಲ್ಲ ಕಿಟಕಿಗಳೂ ನಿಂತಿದ್ದರೆ ಫ್ಯೂಸ್, ಬ್ಯಾಟರಿ, ಮುಖ್ಯ ಸ್ವಿಚ್ ನೋಡಬೇಕು. ಒಂದೇ ಕಿಟಕಿಯಾದರೆ ಆ ಬಾಗಿಲು ನೋಡಬೇಕು. ಚಾಲಕನ ಗುಂಡಿಯಿಂದ ಏರುತ್ತದೆ, ತನ್ನ ಗುಂಡಿಯಿಂದ ಏರುವುದಿಲ್ಲ ಎಂದಾದರೆ ಮೋಟಾರು ನಿರ್ದೋಷಿ. ಅದಕ್ಕೂ ಮೊದಲು, ಚಾಲಕನ ಬಳಿ ಇರುವ ಕಿಟಕಿ ಬೀಗದ ಗುಂಡಿಯನ್ನು ಯಾರಾದರೂ ಒತ್ತಿದ್ದಾರೆಯೇ ನೋಡಿ.

ಎರಡನೆಯದು, ಕಿವಿಗೊಟ್ಟು ಕೇಳಿ. ಮೋಟಾರು ಸೊಯ್ಯನೆ ತಿರುಗುತ್ತಿದೆ, ಗಾಜು ಅಲುಗುವುದಿಲ್ಲ ಎಂದರೆ ಕೇಬಲ್ ತುಂಡಾಗಿದೆ ಅಥವಾ ಪ್ಲಾಸ್ಟಿಕ್ ಹಲ್ಲು, ಹಿಡಿಕೆ ಮುರಿದಿದೆ. ಸದ್ದೇ ಇಲ್ಲವೆಂದರೆ ವಿದ್ಯುತ್ತು ತಲುಪುತ್ತಿಲ್ಲ ಅಥವಾ ಮೋಟಾರಿನ ಬ್ರಷ್ ಸವೆದಿದೆ. ಗುಂಡಿ ಒತ್ತಿದಾಗ ಕಾರಿನ ಒಳದೀಪ ಮಂಕಾದರೆ ಪ್ರವಾಹ ಹರಿಯುತ್ತಿದೆ, ಆದರೆ ಮೋಟಾರು ಸಿಕ್ಕಿಕೊಂಡಿದೆ ಎಂದರ್ಥ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ವೋಲ್ಟೇಜನ್ನು ಮೋಟಾರು ಜೋಡಿಸಿದ್ದಾಗಲೇ, ಗುಂಡಿ ಒತ್ತಿ ಹಿಡಿದೇ ಅಳೆಯಬೇಕು. ಮೋಟಾರಿನ ಸಾಕೆಟ್ ಕಿತ್ತು ಅಳೆದರೆ ಮೋಸ ಹೋಗುತ್ತೀರಿ. ಏಕೆಂದರೆ ಮಲ್ಟಿಮೀಟರಿನ ಒಳರೋಧ ಸುಮಾರು 1 ಕೋಟಿ ಓಮ್. ದಾರಿಯಲ್ಲಿ 1000 ಓಮಿನ ಕೆಟ್ಟ ಸಂಪರ್ಕವಿದ್ದರೂ ಮೀಟರು 12 ವೋಲ್ಟ್ ಎಂದೇ ತೋರಿಸುತ್ತದೆ. ಆದರೆ ಅದೇ ದಾರಿಯಲ್ಲಿ ಮೋಟಾರಿಗೆ ಸಿಗುವುದು ಒಂದು ಆಂಪಿಯರಿನ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. "ವೋಲ್ಟೇಜ್ ಸರಿಯಿದೆ, ಆದ್ದರಿಂದ ಮೋಟಾರೇ ಹೋಗಿದೆ" ಎಂಬ ತಪ್ಪು ತೀರ್ಪು ಹುಟ್ಟುವುದು ಇಲ್ಲಿಯೇ.

ಗುಂಡಿ ಒತ್ತಿಸಿ ಹಿಡಿದು, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ಮೋಟಾರಿನ ಧನ ತುದಿಗೂ ಹಿಡಿಯಿರಿ. ಮೀಟರು ತೋರಿಸುವುದು ಹೋಗುವ ದಾರಿಯ ನಷ್ಟ. ಹಾಗೆಯೇ ಎರಡೂ ಋಣ ತುದಿಗಳ ನಡುವೆ ಅಳೆದರೆ ಮರಳುವ ದಾರಿಯ ನಷ್ಟ ತಿಳಿಯುತ್ತದೆ. ಎರಡೂ ಸೇರಿ 1 ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. 3 ವೋಲ್ಟ್ ಇದ್ದರೆ ದಾರಿಯಲ್ಲಿ ದೋಷವಿದೆ. ಸ್ವಿಚ್ಚಿನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆದು ದಾರಿಯನ್ನು ಅರ್ಧರ್ಧ ಮಾಡುತ್ತ ಬಂದರೆ ಕಳ್ಳ ಸಿಗುತ್ತಾನೆ.

ನಾಲ್ಕನೆಯದು, ಸಿಕ್ಕಿದರೆ ನೇರವಿದ್ಯುತ್ತನ್ನು ಅಳೆಯುವ ಕ್ಲಾಂಪ್ ಮೀಟರಿನಿಂದ ಪ್ರವಾಹ ನೋಡಿ. ಮಲ್ಟಿಮೀಟರಿನ 10 ಆಂಪಿಯರ್ ತೂತಿನಲ್ಲಿ ಅಳೆಯಲು ಹೋಗಬೇಡಿ, ಮೋಟಾರು ತಡೆದು ನಿಂತರೆ ಮೀಟರಿನ ಫ್ಯೂಸ್ ಹೋದೀತು. ಈಗ ತೀರ್ಪು ಸುಲಭ. ವೇಗ ಕಡಿಮೆ, ಪ್ರವಾಹ ಹೆಚ್ಚು ಎಂದರೆ ಘರ್ಷಣೆಯ ದೋಷ. ವೇಗ ಕಡಿಮೆ, ಪ್ರವಾಹ ಎಂದಿನಷ್ಟೇ, ಮೋಟಾರಿನ ತುದಿಯಲ್ಲಿ ವೋಲ್ಟೇಜು ಕಡಿಮೆ ಎಂದರೆ ತಂತಿ ಅಥವಾ ಸ್ವಿಚ್ಚಿನ ದೋಷ. ಮೋಟಾರಿನ ತುದಿಯಲ್ಲಿ ಪೂರ್ತಿ ವೋಲ್ಟೇಜು ಇದೆ, ಆದರೂ ಪ್ರವಾಹವೇ ಇಲ್ಲ ಅಥವಾ ತಡೆತಡೆದು ಬರುತ್ತದೆ, ಮೋಟಾರು ತಣ್ಣಗೂ ಇದೆ ಎಂದರೆ ಆಗ ಮೋಟಾರಿನ ದೋಷ. ಆಗ ಮಾತ್ರ ಹೊಸ ಮೋಟಾರಿನ ಮಾತು.

ರಿಪೇರಿ

ಘರ್ಷಣೆಗೆ: ಗಾಜನ್ನು ಪೂರ್ತಿ ಇಳಿಸಿ, ರಬ್ಬರಿನ ತೋಡನ್ನು ಒಣ ಬ್ರಷ್ಷಿನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹಾಕಿ. ಎಂಜಿನ್ ಆಯಿಲ್, ಗ್ರೀಸ್ ಬೇಡ. ಪೆಟ್ರೋಲಿಯಂ ಎಣ್ಣೆ ಈ ಬಗೆಯ ರಬ್ಬರನ್ನು ಉಬ್ಬಿಸುತ್ತದೆ. ಮೇಲಾಗಿ ಎಣ್ಣೆಗೆ ಹೊಟ್ಟು ಅಂಟಿ ಅರೆಯುವ ಹಿಟ್ಟಾಗುತ್ತದೆ.

ಸ್ವಿಚ್ಚಿಗೆ: ಸಂಪರ್ಕ ಬಿಂದುಗಳನ್ನು ಕಾಂಟ್ಯಾಕ್ಟ್ ಕ್ಲೀನರ್ ದ್ರವದಿಂದ ತೊಳೆಯಿರಿ. ಮರಳುಕಾಗದದಿಂದ ಉಜ್ಜಿದರೆ ಬೆಳ್ಳಿಯ ಲೇಪ ಹೋಗಿ ದೋಷ ಬೇಗ ಮರುಕಳಿಸುತ್ತದೆ.

ತಂತಿಗೆ: ಬಾಗಿಲು ಮತ್ತು ಕಾರಿನ ಮೈ ನಡುವಿನ ರಬ್ಬರ್ ಕೊಳವೆಯೊಳಗಿನ ತಂತಿಗಳು ಬಾಗಿಲು ತೆರೆದಾಗಲೆಲ್ಲ ಬಾಗುತ್ತವೆ. ದಿನಕ್ಕೆ 20 ಸಲವೆಂದರೂ ಹತ್ತು ವರ್ಷಕ್ಕೆ 73,000 ಸಲ. ಎಳೆಗಳು ದಣಿದು ಒಂದೊಂದಾಗಿ ತುಂಡಾಗುತ್ತವೆ. ಬಾಗಿಲು ಒಂದು ಕೋನದಲ್ಲಿದ್ದಾಗ ಮಾತ್ರ ಗಾಜು ಏರಿದರೆ ಇಲ್ಲಿಯೇ ನೋಡಿ. ಮುರಿದ ಜಾಗದಲ್ಲೇ ಬೆಸೆದರೆ ಬೆಸುಗೆಯ ಅಂಚಿನಲ್ಲಿ ಮತ್ತೆ ತುಂಡಾಗುತ್ತದೆ. ಹಲವು ಎಳೆಗಳ ಮೆದು ತಂತಿಯನ್ನು ಸೇರಿಸಿ, ಜೋಡಣೆಗಳು ಬಾಗುವ ಜಾಗದಿಂದ ದೂರ ಬರುವಂತೆ ಮಾಡಬೇಕು.

ಬಾಗಿಲಿನ ಹಲಗೆ ಬಿಚ್ಚುವ ಮುನ್ನ ಬ್ಯಾಟರಿಯ ಋಣ ತುದಿ ಕಳಚಿ, ಗಾಜನ್ನು ಗಟ್ಟಿ ಟೇಪಿನಿಂದ ಚೌಕಟ್ಟಿಗೆ ಕಟ್ಟಿ. ಕತ್ತರಿ ಮಾದರಿಯಲ್ಲಿ ಬಿಗಿದ ಸುರುಳಿ ಸ್ಪ್ರಿಂಗ್ ಇರುತ್ತದೆ. ತೋಳುಗಳನ್ನು ಬಂಧಿಸದೆ ಮೋಟಾರು ಬಿಚ್ಚಿದರೆ ಅವು ಥಟ್ಟನೆ ಹಾರಿ ಬೆರಳು ಕತ್ತರಿಸಬಲ್ಲವು. ಅದನ್ನು ಅನುಭವಿ ಮಿಸ್ತ್ರಿಗೆ ಬಿಡುವುದು ಲೇಸು.

ಸನ್‌ರೂಫ್: ಮೇಲಿನ ಕಿಟಕಿ

ಸನ್‌ರೂಫ್‌ನಲ್ಲಿ ಗಾಜು ಎರಡು ಹಳಿಗಳ ಮೇಲೆ ಅಡ್ಡಲಾಗಿ ಚಲಿಸುತ್ತದೆ. ನಡುವಿನ ಒಂದೇ ಮೋಟಾರು ಎಡಬಲದ ಎರಡು ಕೇಬಲ್ಲುಗಳನ್ನು ತಳ್ಳುತ್ತದೆ. ಒಂದು ಹಳಿಯಲ್ಲಿ ಧೂಳು ಹೆಚ್ಚಾಗಿ ಆ ಬದಿ ಹಿಂದೆ ಬಿದ್ದರೆ ಗಾಜು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಮೇಜಿನ ಡ್ರಾಯರನ್ನು ಒಂದೇ ಬದಿಯಿಂದ ಎಳೆದಾಗ ಸಿಕ್ಕಿಕೊಳ್ಳುವ ಹಾಗೆ. ಆಗ ಬಲವಂತ ಮಾಡದೆ ಹಳಿ ಶುಚಿಗೊಳಿಸಬೇಕು.

ಇನ್ನೊಂದು ತೊಂದರೆ ನೀರಿನದು. ಸನ್‌ರೂಫಿನ ರಬ್ಬರು ಎಲ್ಲ ನೀರನ್ನೂ ತಡೆಯುವುದಿಲ್ಲ. ಒಳಬಂದ ನೀರು ಸುತ್ತಲಿನ ಕಾಲುವೆಯಲ್ಲಿ ಸೇರಿ, ಮೂಲೆಗಳ ಸಣ್ಣ ಕೊಳವೆಗಳ ಮೂಲಕ ಕಾರಿನ ಕೆಳಗೆ ಇಳಿಯುವಂತೆ ಮಾಡಿರುತ್ತಾರೆ. ನಮ್ಮ ಎರೆಮಣ್ಣಿನಲ್ಲಿ ನೀರು ಕುಡಿದು ಉಬ್ಬುವ ಜೇಡಿ ಖನಿಜಗಳಿವೆ. ಬೇಸಗೆಯಿಡೀ ಕೊಳವೆಯಲ್ಲಿ ಕೂತ ಧೂಳು ಜೂನ್ ತಿಂಗಳ ಮೊದಲ ಮಳೆಗೆ ಉಬ್ಬಿ ಬಿರಡೆಯಾಗುತ್ತದೆ. ನೀರು ಚಾವಣಿಯ ಬಟ್ಟೆಗೆ, ಅಲ್ಲಿಂದ ಫ್ಯೂಸ್ ಪೆಟ್ಟಿಗೆಗೆ ಇಳಿಯಬಹುದು. ಮಳೆಗಾಲಕ್ಕೆ ಮೊದಲು ಪ್ರತಿ ಮೂಲೆಗೆ ಒಂದು ಲೋಟ ನೀರನ್ನು ನಿಧಾನವಾಗಿ ಹಾಕಿ, ಅದು ಕಾರಿನ ಕೆಳಗೆ ತೊಟ್ಟಿಕ್ಕುತ್ತದೆಯೇ ನೋಡಿ. ಕಟ್ಟಿದ್ದರೆ ತೆಳು ನೈಲಾನ್ ದಾರದಿಂದ ಬಿಡಿಸಿ. ಪಂಕ್ಚರ್ ಅಂಗಡಿಯ ಗಾಳಿ ಹೊಡೆದರೆ ಒಳಗಿನ ಕೊಳವೆ ಕಳಚಿಕೊಳ್ಳಬಹುದು. ಚಾವಣಿಯ ಬಟ್ಟೆ ಬಿಚ್ಚುವ ಕೆಲಸ ಮನೆಯಲ್ಲಿ ಬೇಡ, ಅದರ ಅಂಚಿನಲ್ಲಿ ಏರ್‌ಬ್ಯಾಗ್ ಇರಬಹುದು.

ಬ್ಯಾಟರಿ ಬದಲಿಸಿದ ಮೇಲೆ ಸನ್‌ರೂಫ್ ಅರ್ಧಕ್ಕೆ ನಿಂತರೆ ಅದು ಕೆಟ್ಟಿತೆಂದಲ್ಲ. ನಿಯಂತ್ರಕವು ಮೋಟಾರಿನ ಸುತ್ತುಗಳನ್ನು ಎಣಿಸಿ ಗಾಜಿನ ಸ್ಥಾನ ತಿಳಿಯುತ್ತದೆ. ವಿದ್ಯುತ್ತು ಹೋದಾಗ ಕೆಲವು ಕಾರುಗಳಲ್ಲಿ ಆ ಎಣಿಕೆ ಮರೆತುಹೋಗುತ್ತದೆ. ಮತ್ತೆ ಕಲಿಸುವ ವಿಧಾನ ಕಾರಿನ ಕೈಪಿಡಿಯಲ್ಲಿರುತ್ತದೆ. ಸಾಮಾನ್ಯವಾಗಿ ಮುಚ್ಚುವ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕಾಗುತ್ತದೆ.

ಮಕ್ಕಳ ಕೈ, ಮಕ್ಕಳ ಕತ್ತು

ಕೊನೆಯದಾಗಿ ಒಂದು ಗಂಭೀರ ವಿಷಯ. ನಮ್ಮ ಉದಾಹರಣೆಯ ಮೋಟಾರು 6 ಆಂಪಿಯರಿಗೆ ಗಾಜನ್ನು ಸುಮಾರು 120 ನ್ಯೂಟನ್ ಬಲದಿಂದ ಎತ್ತುತ್ತದೆ. ತಡೆದು ನಿಂತಾಗ ಪ್ರವಾಹ ನಾಲ್ಕು ಪಟ್ಟು, ಬಲವೂ ಸರಿಸುಮಾರು ನಾಲ್ಕು ಪಟ್ಟು, 480 ನ್ಯೂಟನ್. ಭಾರ ಮತ್ತು ಘರ್ಷಣೆ ಕಳೆದರೂ 360 ನ್ಯೂಟನ್ ಉಳಿಯುತ್ತದೆ. ಎಂದರೆ 36 ಕಿಲೊಗ್ರಾಂ ತೂಕ ಒಂದು ತೆಳು ಗಾಜಿನ ಅಂಚಿನ ಮೇಲೆ ನಿಂತ ಹಾಗೆ. ಅಮೆರಿಕದ 118ನೆಯ ವಾಹನ ಸುರಕ್ಷಾ ಮಾನಕದ ಪ್ರಕಾರ, ತಾನಾಗಿ ಹಿಂದಿರುಗುವ ಕಿಟಕಿಯು ಅಡ್ಡ ಬಂದ ವಸ್ತುವಿನ ಮೇಲೆ 100 ನ್ಯೂಟನ್ ಬಲ ಬೀಳುವುದರೊಳಗೆ ಹಿಂದಿರುಗಬೇಕು.

ಬಹಳಷ್ಟು ಹಳೆಯ ಕಾರುಗಳ ಕಿಟಕಿಗೆ ಈ ರಕ್ಷಣೆ ಇಲ್ಲ. ಇರುವ ಕಾರುಗಳಲ್ಲಿ ಅದು ಮೋಟಾರು ಅನಿರೀಕ್ಷಿತವಾಗಿ ನಿಧಾನವಾಗುವುದನ್ನೋ ಪ್ರವಾಹ ಏರುವುದನ್ನೋ ಗುರುತಿಸಿ ಕೆಲಸ ಮಾಡುತ್ತದೆ. ಧೂಳು ತುಂಬಿದ ತೋಡಿನಲ್ಲಿ ಗಾಜು ನಿಧಾನವಾದಾಗ ನಿಯಂತ್ರಕವು ಏನೋ ಸಿಕ್ಕಿಕೊಂಡಿದೆ ಎಂದು ತಿಳಿದು ಗಾಜನ್ನು ಹಿಂದಿರುಗಿಸುತ್ತದೆ. ಇದಕ್ಕೆ ಬೇಸತ್ತು ರಕ್ಷಣೆಯನ್ನೇ ತಪ್ಪಿಸಿ ತಂತಿ ಜೋಡಿಸಿಕೊಡಿ ಎಂದು ಕೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ. ಸ್ವಚ್ಛಗೊಳಿಸಬೇಕಾದದ್ದು ತೋಡನ್ನು. ರಿಪೇರಿಯ ನಂತರ ರಕ್ಷಣೆ ಕೆಲಸ ಮಾಡುತ್ತಿದೆಯೇ ಎಂದು ಗಾಜಿನ ದಾರಿಯಲ್ಲಿ ಒಂದು ಎಳೆ ಸೌತೆಕಾಯಿ ಇಟ್ಟು ಪರೀಕ್ಷಿಸಿ, ಕೈಯಿಟ್ಟಲ್ಲ. ಮಕ್ಕಳು ಕಾರಿನಲ್ಲಿದ್ದಾಗ ಕಿಟಕಿ ಬೀಗದ ಗುಂಡಿ ಒತ್ತಿರಿ, ಕಾರಿನಿಂದ ಇಳಿಯುವಾಗ ಕೀಲಿಕೈ ತೆಗೆದುಕೊಂಡೇ ಇಳಿಯಿರಿ.

ಶಿಕ್ಷಕರಿಗೊಂದು ಸಲಹೆ. ಆಟಿಕೆಯ ಮೋಟಾರು, ಎರಡು ಶುಷ್ಕಕೋಶ, ಕೆಲವು ಓಮ್‌ಗಳ ಒಂದು ರೋಧಕ, ಒಂದು ಮಲ್ಟಿಮೀಟರ್ ಇದ್ದರೆ ಈ ಪಾಠವನ್ನೆಲ್ಲ ತರಗತಿಯಲ್ಲೇ ತೋರಿಸಬಹುದು. ಮೋಟಾರಿನ ದಂಡಕ್ಕೆ ದಾರ ಸುತ್ತಿ ಸಣ್ಣ ತೂಕ ಎತ್ತಿಸಿ. ರೋಧಕ ಸೇರಿಸುವ ಮೊದಲೂ ನಂತರವೂ ಪ್ರವಾಹ, ವೋಲ್ಟೇಜು, ಏರುವ ಕಾಲ ಮೂರನ್ನೂ ಬರೆದಿಡಿಸಿ. ಪ್ರವಾಹ ಹೆಚ್ಚು ಬದಲಾಗದೆ ಕಾಲ ಮಾತ್ರ ಬೆಳೆಯುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಂಡರೆ, ಅವರ ಮನೆಯ ಕಾರಿನ ಗಾಜು ನಿಂತ ದಿನ ಮೊದಲು ಮೀಟರು ಹುಡುಕುತ್ತಾರೆ, ಆಮೇಲೆ ಮೋಟಾರು.